ಪೊರ್ಬುಗಳ ಬೈಗುಳ
ಕಾಲೇಜಿನ ಹೆಡ್ ಗುಮಾಸ್ತ ಕಜೆಟನ್ ಪೊರ್ಬುಗಳು ಬೈಯತೊಡಗಿದರೆ ರಸ್ತೆಯಲ್ಲಿ ಪರ್ಕಳದ ಬಸ್ಸು ತಾನಾಗಿಯೇ ನಿಲ್ಲುತ್ತಿತ್ತಂತೆ. ಬಡ ವಿದ್ಯಾರ್ಥಿಗಳ ನಿಧಿ ಅವರ ಕೈಯಲ್ಲಿತ್ತು. ಪರೀಕ್ಷೆಯ ಫೀಸಿಗೆ ದಾರಿ ಕಾಣದೆ ಯಾರೇ ಅರ್ಜಿ ತಂದರೂ, ಒಂದು ಚಿಟಿಕೆ ನಶ್ಯ ಏರಿಸಿ, ಜಗಲಿಗೆಲ್ಲ ಕೇಳುವಂತೆ ಏನಾದರೊಂದು ಅಪರಾಧ ಹೊರಿಸುವುದು ಅವರ ಕ್ರಮ. ಒಬ್ಬ ಲೈಬ್ರರಿಯ ಪುಸ್ತಕ ಹರಿದಿದ್ದ, ಇನ್ನೊಬ್ಬ ಕಾಲೇಜಿನ ಗಂಟೆಯನ್ನೇ ಕದ್ದಿದ್ದ. ಇಂದು, ಯಾರು ಹೆಸರು ಕೇಳಿದರೂ ಬೆವರುವ ಸುಗಂಧಿಯ ಸರದಿ. "ಕ್ಲಾಸಿನಲ್ಲಿ ಸಿಳ್ಳೆ ಹೊಡೆಯುವುದಾ? ನಾಚಿಕೆ ಉಂಟಾ ನಿನಗೆ?" ಎಂದು ಗುಡುಗುತ್ತಲೇ ಅವಳ ಪುಸ್ತಕದೊಳಗೆ ನೋಟುಗಳನ್ನು ಸೇರಿಸಿದರು. ಅವಳು ಕಣ್ಣು ಕಣ್ಣು ಬಿಟ್ಟಳು. ಪೊರ್ಬುಗಳ ಸ್ವರ ತಗ್ಗಿತು: "ಹೊರಗೆ ಕೇಳಿದರೆ ಬೈಸಿಕೊಂಡೆ ಅಂತ ಹೇಳು ಮಾರಾಯ್ತಿ. ನಮ್ಮ ಕಾಲದಲ್ಲಿ ಸಹಾಯ ಪಡೆದವರ ಹೆಸರನ್ನು ಬೆಳಗಿನ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಮೊದಲ ಹೆಸರು ನನ್ನದೇ."