ಸ್ಥಳ: ಮಂಕಿ ಶಾಲೆಯ ಹಿಂದಿನ ಬಯಲು

ಹೋದ ತಿಂಗಳು ಅವನು ಮುಂಬೈಯಲ್ಲಿ ಹಾಡಿದ. ಫೋಟೋ ನನ್ನ ಫೋನಿಗೂ ಬಂತು. ನೀಲಿ ಬೆಳಕು, ಕೈ ಎತ್ತಿ ನಿಂತ ಜನ, ನಡುವೆ ನಮ್ಮ ಮಂಕಿ ಊರಿನ ಹುಡುಗ. ಆ ಫೋಟೋವನ್ನು ಕರ್ಕಿಯ ಚಾ ಅಂಗಡಿಯಲ್ಲಿ, ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ, ಕೊನೆಗೆ ಪೆಟ್ರೋಲ್ ಹಾಕುವವನಿಗೂ ತೋರಿಸಿದೆ. ಅವನು "ಯಾರಿದು, ನಿಮ್ಮ ಅಳಿಯನಾ?" ಎಂದು ಕೇಳಿದ. "ಅಳಿಯ ಆದ್ರೆ ಇಷ್ಟು ಖುಷಿ ಎಲ್ಲಿರ್ತಿತ್ತು ಮಾರಾಯ" ಎಂದೆ.

ನನಗೆ ಅರವತ್ತು ಹತ್ತಿರ ಬಂತು. ಈ ವಯಸ್ಸಿನಲ್ಲಿ ರ‍್ಯಾಪ್ ಹಾಡುವವನ ಅಭಿಮಾನಿಯಾಗಿದ್ದೇನೆ ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು "ಹೌದು, ದನಿ ಹೋದ ಮೇಲೆ ಹುಚ್ಚು ಬಂದದ್ದು" ಎನ್ನುತ್ತಾಳೆ. ಅದರಲ್ಲಿ ಅರ್ಧ ನಿಜ.

ನನ್ನ ಕಸುಬು ಮೈಕಿನದು. ಯಕ್ಷಗಾನದ ಡೇರೆ ಮೇಳಗಳು ಊರೂರು ತಿರುಗುತ್ತಿದ್ದ ಕಾಲದಲ್ಲಿ, ಆಟ ಇದ್ದ ದಿನ ಬೆಳಿಗ್ಗೆಯೇ ಜೀಪು ಹೊರಡುತ್ತಿತ್ತು. ಜೀಪಿನ ತಲೆಯ ಮೇಲೆ ಎರಡು ಹಾರನ್ ಸ್ಪೀಕರ್, ಡ್ರೈವರ್ ಪಕ್ಕದಲ್ಲಿ ನಾನು, ತೊಡೆಯ ಮೇಲೆ ಗುಲಾಬಿ ಬಣ್ಣದ ಕರಪತ್ರಗಳ ಕಟ್ಟು. "ಕಲಾಭಿಮಾನಿಗಳೇ!" ಎಂದು ನಾನು ಕರ್ಕಿಯ ತಿರುವಿನಲ್ಲಿ ಶುರು ಮಾಡಿದರೆ ಶರಾವತಿ ಸೇತುವೆಯವರೆಗೆ ಒಂದೇ ಓಟ. ವಾರ, ಹೊತ್ತು, ಮೇಳ, ಪ್ರಸಂಗ, ಸ್ಥಳ, ಮತ್ತೆ "ಮರೆಯದಿರಿ, ಮರೆತು ನಿರಾಶರಾಗದಿರಿ". ಗದ್ದೆಯಲ್ಲಿ ಬಗ್ಗಿದವರು ಸೊಂಟ ನೆಟ್ಟಗೆ ಮಾಡುತ್ತಿದ್ದರು. ಮಕ್ಕಳು ಕರಪತ್ರಕ್ಕಾಗಿ ಧೂಳಿನಲ್ಲಿ ಬಿದ್ದು ಎದ್ದು ಓಡುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಗಂಟಲು ತಾನಾಗಿಯೇ ಒಮ್ಮೆ ಸರಿಯಾಗುತ್ತದೆ.

ಆಟ ಮುಗಿಯುವಾಗಲೂ ಮೈಕು ನನ್ನ ಕೈಗೆ ಬರುತ್ತಿತ್ತು, ನಾಳೆಯ ಊರು ಹೇಳುವುದಕ್ಕೆ. ಇಂದು ಮಂಕಿ ಆದರೆ ನಾಳೆ ಕರ್ಕಿ, ನಾಡಿದ್ದು ಹಿರೇಗುತ್ತಿ. ಜನ ನಿದ್ದೆಗಣ್ಣಿನಲ್ಲಿ ಚಾಪೆ ಕೊಡವುತ್ತ "ನಾಳೆ ಎಲ್ಲಿ ಆಟ?" ಎಂದು ಕೇಳಿದರೆ ಆಟ ಗೆದ್ದಿತು ಎಂದು ಲೆಕ್ಕ. ಯಾರೂ ಕೇಳದೆ ಎದ್ದು ಹೋದರೆ ಮೇಳದ ಯಜಮಾನರು ಬೆಳಗಿನ ಚಾ ಕುಡಿಯುತ್ತಿರಲಿಲ್ಲ.

ಈಗ ಡೇರೆ ಮೇಳ ಕಡಿಮೆಯಾಗಿದೆ. ನನ್ನ ಹತ್ತಿರ ಒಂದು ಓಮ್ನಿ ಇದೆ, ಅದೇ ಹಳೆಯ ಹಾರನ್‌ಗಳಿವೆ. ಬಟ್ಟೆ ಅಂಗಡಿಯ ಆಫರ್, ಚುನಾವಣೆ, ಪಂಚಾಯ್ತಿಯ ನೀರಿನ ಸುದ್ದಿ, ಎಲ್ಲವೂ ಪೆನ್‌ಡ್ರೈವಿನಲ್ಲಿ ಬರುತ್ತವೆ. ಯಾವುದೋ ಊರಿನ ಹುಡುಗಿ ಸ್ಟುಡಿಯೋದಲ್ಲಿ ಕೂತು ಹೇಳಿದ್ದನ್ನು ನಾನು ಊರೆಲ್ಲ ತಿರುಗಿಸಿಕೊಂಡು ಬರುತ್ತೇನೆ. ಬಾಯಿ ಮುಚ್ಚಿಕೊಂಡು ಗಾಡಿ ಹೊಡೆಯುವುದು ನನಗೆ ಅವಮಾನವೇ. ಆದರೆ ಹೊಟ್ಟೆ ಕೇಳಬೇಕಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಭಟ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಫೋನಿನಲ್ಲಿ ಜೋರಾಗಿ ಹಾಡು ಹಾಕಿದ್ದಳು. ಬೈಯಬೇಕೆಂದು ತಿರುಗಿದವನು ಬಾಯಿ ತೆರೆದು ಹಾಗೆಯೇ ಕೂತೆ.

"ಎಂತದಂತೆ, ಎಲ್ಲಿಗಂತೆ, ಯಾರ ಮನೆಯವನಂತೆ,
ಬಸ್‌ಸ್ಟ್ಯಾಂಡಲ್ಲಿ ಕೂತವರಿಗೆಲ್ಲ ನಂದೇ ಒಂದು ಚಿಂತೆ!"

ಅದು ನಮ್ಮ ಮಾತು. ಸಿನಿಮಾದವರು ನಗಿಸುವುದಕ್ಕೆ ಆಡುವ ಕರಾವಳಿ ಮಾತಲ್ಲ, ನಮ್ಮ ಅಂಗಳದ್ದು. ಅದಕ್ಕಿಂತ ಹೆಚ್ಚಾಗಿ, ಅವನು ಉಸಿರು ತೆಗೆದುಕೊಳ್ಳುವ ಜಾಗ ನನಗೆ ಗೊತ್ತಿತ್ತು. ಸಾಲಿನ ಕೊನೆಯಲ್ಲಲ್ಲ, ಕೊನೆಯ ಮಾತಿಗೆ ಮುಂಚೆ, ಕದ್ದು, ನನ್ನ ಹಾಗೆಯೇ. ಮಂಕಿಯವರೆಗೆ ಆ ಹಾಡನ್ನು ಮತ್ತೆ ಮತ್ತೆ ಹಾಕಿಸಿದೆ. ಆ ಹುಡುಗಿ ಪಾಪ, ಬೇಸರಿಸದೆ ನನ್ನ ಫೋನಿನಲ್ಲೂ ಅದನ್ನು ಹುಡುಕಿ ಕೊಟ್ಟಳು. ಹಾಡಿದವನು ಮಂಕಿಯವನೇ, ಭಟ್ಕಳದಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ ಎಂದೂ ಹೇಳಿದಳು.

ಮರುವಾರ ಚೆನ್ನಾಗಿಯೇ ಇದ್ದ ಫೋನನ್ನು ಹಾಳಾಗಿದೆ ಎಂದು ಹಿಡಿದುಕೊಂಡು ಆ ಅಂಗಡಿಗೆ ಹೋದೆ. ಗಿರಾಕಿಗಳ ಜೊತೆ ನವಾಯತಿ, ಉರ್ದು, ಕೊಂಕಣಿ ಮಾತಾಡುತ್ತ, ಕೈಯಲ್ಲಿ ಸಣ್ಣ ಸ್ಕ್ರೂ ಡ್ರೈವರ್ ಹಿಡಿದ ಸಪೂರ ಹುಡುಗ. ನಾನು ಬಾಯಿ ತೆರೆದದ್ದೇ ತಡ, ಅವನು ತಲೆ ಎತ್ತಿದ.

"ನೀವು ಮೈಕಿನ ಮಾವ ಅಲ್ದಾ?" ಎಂದ. "ನಿಮ್ಮ ಜೀಪಿನ ಹಿಂದೆ ನಾ ಎಷ್ಟು ಓಡಿದ್ದೆ. ನನಗೆ ಕರಪತ್ರ ಬೇಕಿರ್ಲಿಲ್ಲ. ನೀವು ಅಷ್ಟು ಉದ್ದ ಹೇಳೂಕೆ ಉಸಿರು ಎಲ್ಲಿ ತಕಂತೀರಿ ಅಂತ ನೋಡೂಕೆ."

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಡ್ರೈವರ್ ಗೇರ್ ಬದಲಿಸೂವಾಗ, ತಮಾ" ಎಂದೆ. "ಇಂಜಿನ್ ಗುರ್ ಅನ್ನೂವಾಗ ಉಸಿರಿನ ಶಬ್ದ ಯಾರಿಗೂ ಕೇಳೂದಿಲ್ಲ." ಅವನು ನಕ್ಕು "ನಾನೂ ಅದನ್ನೇ ಅಂದಾಜು ಮಾಡಿದ್ದೆ" ಎಂದ. ಆವತ್ತು ಮನೆಗೆ ಬರುವಾಗ ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಅವನ ಹಿಂದೆ ಹಾಡಿನ ಕಂಪನಿ ಇಲ್ಲ, ದುಡ್ಡು ಹಾಕುವವರೂ ಇಲ್ಲ. ಮಾತು ಅವನದು, ಬೀಟು ಅವನದು. ಬಾಡಿಗೆ ಕೋಣೆಯಲ್ಲಿ ಹೊರಗಿನ ಸದ್ದು ಬರದಂತೆ ಎರಡು ಕಂಬಳಿ ಹೊದ್ದು, ಬೆವರಿಳಿಸಿಕೊಂಡು ರೆಕಾರ್ಡ್ ಮಾಡುತ್ತಾನೆ. ಹಾಗೆ ಮಾಡಿದ ಹಾಡು ಕುಮಟಾದ ಕಾಲೇಜು ದಾಟಿ ಬೆಂಗಳೂರಿಗೆ ಹೋಯಿತು. ಅಲ್ಲಿ ಟಿಕೆಟ್ ತೆಗೆದುಕೊಂಡು ಬಂದ ಜನ "ಎಂತದಂತೆ" ಎಂದು ಅವನ ಜೊತೆ ಕೂಗಿದರಂತೆ. ಎಂತ ಎನ್ನುವುದು ಬೆಂಗಳೂರಿನವರ ಬಾಯಲ್ಲಿ! ನಾನು ಊರಿಗೆಲ್ಲ ಸುದ್ದಿ ಮಾಡಿದೆ.

ಅವನ ತಾಯಿ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು, ಹಿಡಿಸೂಡಿ ಪೊರಕೆ ಕಟ್ಟಿ ಮಾರುವ ಹೆಂಗಸು. ಒಂದು ದಿನ ಅವರ ಮನೆಗೆ ಹೋದಾಗ ಅಂಗಳದಲ್ಲಿ ಕೂತು ಕತ್ತಿಯಲ್ಲಿ ಗರಿ ಹೆರೆಯುತ್ತಿದ್ದಳು. ಮಗ ಫೋನು ತೋರಿಸಿ "ಆಯಿ, ಲಕ್ಷ ಜನ ಕೇಳಿದ್ರು" ಎಂದ.

"ಎಲ್ಲಿ ಕೂತಿದ್ರು ಆ ಲಕ್ಷ ಜನ?" ಎಂದಳು, ತಲೆ ಎತ್ತದೆ. "ಆಟ ಅಂದ್ರೆ ಜನ ಎದುರಿಗೆ ಕೂರ್ಬೇಕು. ಜನ ಇಲ್ದೆ ಕುಣ್ದದ್ದನ್ನ ಆಟ ಅಂತ ಯಾರು ಹೇಳ್ತರು?"

"ಬೆಂಗ್ಳೂರಲ್ಲಿ ಕೂತಿದ್ರು, ತಂಗಿ" ಎಂದು ನಾನು ಬಾಯಿ ಹಾಕಿದೆ.

"ಬೆಂಗ್ಳೂರಿನವ್ರಿಗೆ ಇವ ಯಾರ ಮಗ ಅಂತ ಗೊತ್ತುಂಟಾ ಅಣ್ಣ? ಇಲ್ಲಿಯವ್ರು ಕೂತು ಕೇಳ್ಲಿ, ಆಗ ನಾನೂ ಕೂರ್ತೆ."

ಹೊರಡುವಾಗ ರಸ್ತೆಯವರೆಗೆ ಬಂದ ಹುಡುಗ, "ನನಗೆ ಮುಂಬೈ ಬೇಕಿಲ್ಲ ಮಾವ. ಆಯಿ ಒಂದ್ಸಲ ಎದುರಿಗೆ ಕೂತು ಪೂರ್ತಿ ಕೇಳಿದ್ರೆ ಆತು" ಎಂದ. ನಗುತ್ತಲೇ ಹೇಳಿದ. ಆದರೆ ದನಿಯ ಕಸುಬು ಮಾಡಿದವನಿಗೆ ದನಿ ತಿಳಿಯುತ್ತದೆ, ಅದು ನಗು ಆಗಿರಲಿಲ್ಲ.

ಆ ಬೇಸಿಗೆಯಲ್ಲಿ ಅವನ ಮೊದಲ ಆಲ್ಬಮ್ ತಯಾರಾಯಿತು. ಶನಿವಾರ ಸಂಜೆ ಆರು ಗಂಟೆಗೆ ಫೋನಿನಲ್ಲಿ ಬಿಡುಗಡೆ. ಹೈವೇ ಅಗಲ ಮಾಡಲು ಕಡಿದ ಮರಗಳ ಮೇಲೆ ಒಂದು ಹಾಡು, ಬಂದರಿನ ಮೇಲೆ ಒಂದು, ಆಯಿಯ ಮೇಲೆ ಒಂದು. ನನಗೆ ಮೊದಲೇ ಕೇಳಿಸಿದ್ದ. ಕೇಳಿದ ಮೇಲೆ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಓಮ್ನಿಗೆ ಹಾರನ್ ಕಟ್ಟಿದೆ, ಪೆನ್‌ಡ್ರೈವ್ ಕಿತ್ತು ಡಬ್ಬಿಯೊಳಗೆ ಹಾಕಿದೆ, ಮೈಕು ಕೈಗೆ ತೆಗೆದುಕೊಂಡೆ.

"ಕಲಾಭಿಮಾನಿಗಳೇ!"

ದನಿ ಒಡೆಯಿತು, ಕೆಮ್ಮಿದೆ, ಮತ್ತೆ ಹಿಡಿಯಿತು. ಕರ್ಕಿ, ಹೊನ್ನಾವರ ಪೇಟೆ, ಸೇತುವೆ ದಾಟಿ ಮಂಕಿಯ ಒಳದಾರಿಗಳು. ಅಂಗಡಿ ಬಾಗಿಲಲ್ಲಿ ಕೂತ ಮುದುಕರು ಎದ್ದು ನಿಂತು ನನ್ನತ್ತ ಕೈ ಎತ್ತಿದರು. ಇಪ್ಪತ್ತು ವರ್ಷ ಚಿಕ್ಕವನಾಗಿದ್ದೆ, ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ.

ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ನಾಲ್ಕರ ಹೊತ್ತಿಗೆ ಪರಿಚಯದ ಶೇಂಗಾ ಮಾರುವವನ ಫೋನು ಬಂತು.

"ಅಣ್ಣ, ಸ್ಟೇಜು ಯಾವ ಬದಿಗೆ? ನಾ ಗಾಡಿ ಎಲ್ಲಿ ನಿಲ್ಸೂದು?"

"ಎಂತ ಸ್ಟೇಜು?"

"ನೀವೇ ಹೇಳಿದ್ರಲ್ಲ, ಮಂಕಿ ಶಾಲೆ ಹಿಂದಿನ ಬಯಲು ಅಂತ. ಇಲ್ಲಿ ಆಗ್ಲೇ ಚಾಪೆ ಹಾಸ್ತಾ ಇದ್ರು."

ನಾನು ಧಡಕ್ಕನೆ ಎದ್ದು ಕೂತೆ. ವಾರ, ಹೊತ್ತು, ಮೇಳ, ಪ್ರಸಂಗ ಆದ ಮೇಲೆ ಸ್ಥಳ ಬರಬೇಕು. ಜೀವಮಾನವಿಡೀ ಅದೇ ಓಟದಲ್ಲಿ ಓಡಿದ ನಾಲಗೆ ಆ ಜಾಗವನ್ನು ಖಾಲಿ ಬಿಟ್ಟು ದಾಟಲು ಒಪ್ಪಲಿಲ್ಲ. ಮೇಳದ ಡೇರೆ ಹಾಕುತ್ತಿದ್ದ ಹಳೆಯ ಬಯಲನ್ನು ತಾನೇ ಹೇಳಿಬಿಟ್ಟಿತ್ತು, ಬೆಳಗಿನಿಂದ ಪ್ರತಿ ಸಲವೂ. ಅವನು ಹಾಡುಗಾರನಾಗಿ ಇಟ್ಟುಕೊಂಡ ಹೆಸರನ್ನು ಜನ ಯಾವುದೋ ಹೊಸ ಮೇಳದ ಹೆಸರೆಂದುಕೊಂಡಿದ್ದರು. ಹೆಂಡತಿ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನಾನು ಅಳುವಂತಿರುವುದನ್ನು ನೋಡಿ ಓಮ್ನಿಯ ಕೀಲಿ ಕೈಗೆ ಕೊಟ್ಟಳು.

ದಾರಿಯಲ್ಲೇ ಹುಡುಗನಿಗೆ ಫೋನು ಮಾಡಿದೆ. ಭಟ್ಕಳದಿಂದ ಬೈಕಿನಲ್ಲಿ ಬಂದ. ಬಯಲಿನಲ್ಲಿ ಹೆಂಗಸರು, ಗಂಡಸರು, ಕಾಲೇಜಿನವರು, ಚಾಪೆ, ಗೋಣಿಚೀಲ, ಶೇಂಗಾ ಗಾಡಿ. ನೋಡಿ ಬೆಳ್ಳಗಾದ.

"ಮಾವ, ಇವ್ರು ಆಟಕ್ಕೆ ಬಂದವ್ರು. ಚಂಡೆ ಇಲ್ಲ, ವೇಷ ಇಲ್ಲ. ನನ್ನ ಹಾಡು ಕೇಳಿದ್ರೆ ಕಲ್ಲು ಹೊಡೀತರು."

"ಬೈಯೂದಿದ್ರೆ ನನಗೆ ಬೈತರು, ತಮಾ. ಹೇಳಿದವ ನಾನು. ನೀ ಹಾಡು" ಎಂದೆ. ಅಷ್ಟರಲ್ಲಿ ಅವನು ನನ್ನ ತೋಳು ಹಿಡಿದ. ಎರಡನೆಯ ಸಾಲಿನಲ್ಲಿ, ನೆರೆಯ ಹೆಂಗಸರ ಜೊತೆ, ಚಾಪೆಯ ಮೇಲೆ ಅವನ ಆಯಿ ಕೂತಿದ್ದಳು. ಮಗನ ಆ ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವಳೂ ಹೊಸ ಮೇಳ ನೋಡುವುದಕ್ಕೇ ಬಂದವಳು.

ಓಮ್ನಿಯನ್ನು ಬಯಲಿನ ಅಂಚಿಗೆ ತಂದು, ಹಾರನ್‌ಗಳನ್ನು ಜನರತ್ತ ತಿರುಗಿಸಿದೆ. ಬ್ಯಾಟರಿ ಹಳತು, ಹಾಗಾಗಿ ಇಂಜಿನ್ ಚಾಲೂ ಇಡಬೇಕಾಯಿತು. ಅವನ ಫೋನಿನಿಂದ ಬೀಟು ಹಾಕಿದರೆ ಹಾರನ್‌ನಲ್ಲಿ ಕಿರ್ ಕಿರ್ ಎನ್ನುವುದೊಂದೇ ಬಂತು. ಆ ಹಾರನ್‌ಗಳು ಮಾತಿಗಾಗಿ ಮಾಡಿದವು, ಢಂಢಂ ಅವಕ್ಕೆ ಬರುವುದಿಲ್ಲ. ಯಾರೋ "ಚಂಡೆ ಎಲ್ಲಿ?" ಎಂದು ಕೂಗಿದರು. ಇಬ್ಬರು ಮೂವರು ಎದ್ದರು. ಅವನು ಬೀಟು ನಿಲ್ಲಿಸಿ, ಬರೀ ದನಿಯಲ್ಲಿ ಶುರು ಮಾಡಿದ.

"ಎಂತದಂತೆ, ಎಲ್ಲಿಗಂತೆ..."

ಹೆದರಿಕೆಗೆ ಉಸಿರು ಸಾಲುತ್ತಿರಲಿಲ್ಲ. ಮೊದಲ ಸಾಲು ಮುಗಿಯುವ ಮುಂಚೆ ಏದುಸಿರು ಹಾರನ್‌ನಲ್ಲಿ ಊರಿಗೆಲ್ಲ ಕೇಳಿತು. ನಾನು ಡ್ರೈವರ್ ಸೀಟಿಗೆ ಹಾರಿ ಕೂತು, ಮುಂದಿನ ಸಾಲಿನಲ್ಲಿ ಅವನ ಉಸಿರು ಬರುವ ಜಾಗಕ್ಕೆ ಸರಿಯಾಗಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗುರ್ ಎಂದಿತು, ಅವನು ಉಸಿರೆಳೆದುಕೊಂಡ. ತಿರುಗಿ ನನ್ನನ್ನು ನೋಡಿದ. ಆಮೇಲೆ ಅವನಿಗೆ ತಡೆಯಿರಲಿಲ್ಲ.

ಮಾತು ಸ್ಪಷ್ಟವಾಗಿ ಕೇಳತೊಡಗಿದಂತೆ ಜನ ನಕ್ಕರು. ಬಸ್‌ಸ್ಟ್ಯಾಂಡಿನಲ್ಲಿ ಕೂರುವವರು ತಮ್ಮನ್ನೇ ಗುರುತಿಸಿಕೊಂಡರು. ಎದ್ದವರು ಕೂತರು. ಕಾಲೇಜಿನ ಹುಡುಗಿಯರು ಕೈತಟ್ಟಿ ತಾಳ ಹಿಡಿದರು, ಶೇಂಗಾದವನು ಬಾಣಲೆಯ ಮೇಲೆ ಸಟ್ಟುಗ ಬಡಿದ. ಆಯಿ ಮಾತ್ರ ಅಲ್ಲಾಡಲಿಲ್ಲ. ಮೊದಲು ಮಗನನ್ನು ನೋಡಿದ್ದಳು, ಈಗ ಸುತ್ತಲಿನ ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಕೊನೆಗೆ ಅವನು ಅವಳ ಹಾಡು ತೆಗೆದ.

"ಊರಂಗಳ ಗುಡ್ಸೂದೆಲ್ಲ ನಮ್ಮಾಯಿ ಕಟ್ಟಿದ ಹಿಡಿ,
ನಮ್ಮಂಗಳಕ್ಕೆ ಉಳ್ದದ್ದು ಮಾತ್ರ ಮುರಿದ ಮೊಂಡು ಕಡ್ಡಿ!"

"ಸುಳ್ಳು!" ಎಂದು ಎರಡನೆಯ ಸಾಲಿನಿಂದ ಕೂಗು ಬಂತು. ಆಯಿ ಮೊಣಕಾಲ ಮೇಲೆ ಎದ್ದಿದ್ದಳು. "ಸುಳ್ಳು ಹೇಳ್ತ ಇವ! ಮನೆಗೂ ಚೊಲೋದೇ ಇಟ್ಟಿದ್ದೆ!"

ಇಡೀ ಬಯಲು ಹೋ ಎಂದು ನಕ್ಕಿತು. ಅವನೂ ನಕ್ಕ, ಹಾಡು ತಪ್ಪಿತು. ನಾನು ಆಕ್ಸಿಲರೇಟರ್ ಒತ್ತಿ ಹಿಡಿದೆ, ಅವನು ಕಣ್ಣು ಒರೆಸಿಕೊಂಡು ಮತ್ತೆ ಹಾಡು ಹಿಡಿಯುವವರೆಗೂ ಬಿಡಲಿಲ್ಲ. ಆಯಿ ಮತ್ತೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಪೂರ್ತಿ ಕೇಳಿದಳು.

ಇನ್ನೂ ಬೆಳಕಿತ್ತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಅವನು ಮೈಕು ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಆಯಿ ಚಾಪೆ ಕೊಡವಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ನೇರವಾಗಿ ನಮ್ಮತ್ತ ಬಂದಳು. ಮಗನನ್ನು ದಾಟಿದಳು. ನನ್ನ ಕಿಟಕಿಯ ಹತ್ತಿರ ನಿಂತಳು.

"ಅಣ್ಣ," ಎಂದಳು, "ನಾಳೆ ಎಲ್ಲಿ ಆಟ?"

ನಾಳೆಯ ಊರನ್ನು ಇಷ್ಟು ವರ್ಷ ಹೇಳಿದ ನಾನು ಹುಡುಗನತ್ತ ಕೈ ತೋರಿಸಿದೆ. ಹುಡುಗನೇ ಮೈಕು ಬಾಯಿಗೆ ತಂದ.

"ನಾಳೆ ಕುಮಟಾ!" ಎಂದ.

ಕುಮಟಾದಲ್ಲಿ ಎಲ್ಲಿ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಹಾಂಗಾರೆ ಬೆಳಿಗ್ಗೆ ಬೇಗ ಬನ್ನಿ, ನಾನೂ ಬರ್ತೆ" ಎಂದು ಆಯಿ ಓಮ್ನಿಯ ಹಿಂಬಾಗಿಲು ತೆಗೆದು, ಚಾಪೆಯನ್ನು ಅಲ್ಲೇ ಇಟ್ಟು ಹೋದಳು.