ಇನ್ನೂ ಬಾರದ ಕಾರಿನ ಇಂಜಿನ್

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆಂಬ ಒಂದೇ ತಪ್ಪಿಗೆ, ಇನ್ನೂ ಮಾರುಕಟ್ಟೆಗೇ ಬಾರದ ಕಾರೊಂದರ ಇಂಜಿನ್ ಬಗ್ಗೆ ನಾನು ತೀರ್ಪು ಕೊಡಬೇಕಾಯಿತು.

ಇಂಡಿ ಪಟ್ಟಣದಲ್ಲಿ ಲಿಂಬೆ ತೋಟವಿರುವ ಈರಪ್ಪ ನನ್ನ ದೊಡ್ಡಪ್ಪನ ಮಗ. ಅವನ ಮಗ ವಿನೋದನಿಗೆ ಬಸವನ ಬಾಗೇವಾಡಿಯ ಹುಡುಗಿ ಸಹನಾಳನ್ನು ನೋಡಿದ್ದೆವು. ಅವಳ ತಂದೆ ಗುರುಪಾದಪ್ಪನವರದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಹುಡುಗ ಹುಡುಗಿ ಒಪ್ಪಿದರು. ಬೀಗರಿಬ್ಬರೂ ಅವರಿಗಿಂತ ಹೆಚ್ಚು ಒಪ್ಪಿದರು, ಯಾಕೆಂದರೆ ಇಬ್ಬರಿಗೂ ವೇಗದ ಕಾರುಗಳ ಹುಚ್ಚು. ನಮ್ಮೂರಿನ ಮೊದಲ ಸ್ಪೀಡ್ ಬ್ರೇಕರಿಗೇ ಹೊಟ್ಟೆ ಉಜ್ಜಿಕೊಂಡು ಕೂರುವಂಥ ಕಾರುಗಳು ಅವು!

ವಿದೇಶದ ಯಾವುದೋ ಕಂಪನಿ ಅಂಥದ್ದೊಂದು ಹೊಸ ಕಾರು ತರುತ್ತಿದೆಯಂತೆ. ಆಕಾರ ಗೊತ್ತಾಗದಿರಲೆಂದು ಮೈಗೆಲ್ಲ ಕಪ್ಪು ಬಿಳಿ ಪಟ್ಟಿ ಅಂಟಿಸಿ ಓಡಿಸುವಾಗ ಯಾರೋ ಕದ್ದು ತೆಗೆದ ಎರಡು ಫೋಟೊ, ಒಂದು ತುಣುಕು ವಿಡಿಯೊ. ಇಷ್ಟೇ ಆಧಾರ. ವಿಡಿಯೊದ ಸದ್ದು ಕೇಳಿ ಎಂಟು ಸಿಲಿಂಡರ್, ಇಂಜಿನ್ ಮುಂದಿದೆ ಎಂದ ಈರಪ್ಪ. ಹೊಗೆಯ ಕೊಳವೆ ನಡುವೆ ಇರುವುದರಿಂದ ಇಂಜಿನ್ ಸೀಟಿನ ಹಿಂದಿದೆ, ಆರೇ ಸಿಲಿಂಡರ್, ಜೊತೆಗೆ ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಎರಡು ಟರ್ಬೊ ಎಂದರು ಗುರುಪಾದಪ್ಪ. ಇಬ್ಬರೂ ಅದೇ ಫೋಟೊಗೆ ಕೆಂಪು ಗೆರೆ ಎಳೆದೆಳೆದು ನನಗೆ ಕಳಿಸುತ್ತಿದ್ದರು. ಪಾಠದ ನಡುವೆಯೂ ಜೇಬಿನಲ್ಲಿ ಫೋನು ಗುರುಗುಡುತ್ತಿತ್ತು. ನನ್ನ ಸಹನೆ ಸವೆಯಿತು.

ಕೊನೆಗೊಂದು ದಿನ "ಲಿಂಬಿಹಣ್ಣು ಹರಿಯಾವ್ರಿಗೆ ಇಂಜಿನ್ ಏನ್ ತಿಳೀತೈತ್ರಿ" ಎಂದುಬಿಟ್ಟರು ಗುರುಪಾದಪ್ಪ. ಈರಪ್ಪ ಫೋನು ಇಟ್ಟವನು ಮತ್ತೆ ಎತ್ತಲಿಲ್ಲ. ನಿಶ್ಚಿತಾರ್ಥದ ದಿನ ಗೊತ್ತು ಮಾಡುವ ಮಾತೇ ನಿಂತಿತು.

ಸಹನಾ ನನಗೆ ಫೋನು ಮಾಡಿದಳು. "ಕಾಕಾರೀ, ಆ ಇಂಜಿನ್ ಹಿಂದ ಐತೋ ಮುಂದ ಐತೋ ಅಂತ ಗೊತ್ತಾಗೂತನಾ ನಾವು ಮದುವಿ ಆಗೂದ ಬ್ಯಾಡೇನ್ರಿ?" ನಗುತ್ತಲೇ ಶುರು ಮಾಡಿದ್ದಳು, ಕೊನೆಗೆ ನನ್ನ ಉತ್ತರಕ್ಕೂ ಕಾಯದೆ ಫೋನು ಇಟ್ಟಳು.

ಭಾನುವಾರ ಈರಪ್ಪನನ್ನು ಎಳೆದುಕೊಂಡು ಬಾಗೇವಾಡಿಗೆ ಹೋದೆ. ಕಾರಿನ ಸುದ್ದಿ ಎತ್ತಬಾರದೆಂದು ಬಸ್ಸಿನಲ್ಲೇ ಅವನಿಂದ ಮಾತು ತೆಗೆದುಕೊಂಡಿದ್ದೆ. ಆದರೆ ಅವರ ಪಡಸಾಲೆಯಲ್ಲಿ ಚಹಾ ಮುಗಿಯುವ ಮೊದಲೇ ಎರಡೂ ಫೋನು ಹೊರಬಂದವು. "ನೀವ ಹೇಳ್ರಿ ಮಾಸ್ತರ್, ಆರೋ ಎಂಟೋ?" ಎಂದರು ಗುರುಪಾದಪ್ಪ.

ತಲೆ ಕೆಟ್ಟಿತು. ಫೋಟೊ ದೊಡ್ಡದು ಮಾಡಿ ನೋಡಿದೆ. ನೋಡುತ್ತಾ ನೋಡುತ್ತಾ, ನಾಚಿಕೆಯ ಮಾತು, ದಿನ ನೋಡಲೆಂದು ಇಟ್ಟಿದ್ದ ಪಂಚಾಂಗದ ಹಿಂಭಾಗದಲ್ಲಿ ಚಿತ್ರ ಬರೆದು ಕಾರಿನ ಭಾರದ ಲೆಕ್ಕ ಹಾಕತೊಡಗಿದೆ. "ಆರೂ ಅಲ್ಲ, ಎಂಟೂ ಅಲ್ಲ. ಇಂಜಿನ್ನೇ ಇಲ್ಲ. ಬರೇ ಬ್ಯಾಟರಿ. ಕೊಳವಿ ಕಣ್ಕಟ್ಟು, ಸಪ್ಪಳ ಸ್ಪೀಕರಿಂದು" ಎಂದೆ.

ಈರಪ್ಪ, "ತಮ್ಮಾ, ಬುದ್ಧಿ ನೆಟ್ಟಗೈತಿಲ್ಲೋ?" ಎಂದ.

"ಬೀಗರ, ಇವ್ರು ಹುಡುಗ್ರಿಗೆ ಏನ್ ಕಲಸ್ತಾರ್ರಿ?" ಎಂದು ಗುರುಪಾದಪ್ಪ ಅವನ ಪಕ್ಕಕ್ಕೆ ಸರಿದು ಕೂತರು. ನನ್ನ ಅಜ್ಞಾನವನ್ನು ಇಬ್ಬರೂ ಸೇರಿ ಅರ್ಧ ಗಂಟೆ ಬಿಡಿಸಿ ಬಿಡಿಸಿ ತೋರಿಸಿದರು. ಆಮೇಲೆ ಅದೇ ಉಮೇದಿನಲ್ಲಿ ಪಂಚಾಂಗವನ್ನು ಸರಿಯಾದ ಮಗ್ಗುಲಿಗೆ ತಿರುಗಿಸಿ ನಿಶ್ಚಿತಾರ್ಥದ ದಿನವನ್ನೂ ಗೊತ್ತು ಮಾಡಿದರು.

ಹೊರಡುವಾಗ ಸಹನಾ ಬಾಗಿಲತನಕ ಬಂದು ಮೆಲ್ಲಗೆ ಕೇಳಿದಳು: "ಕಾಕಾರೀ, ಅವರಿಬ್ಬರ್ನೂ ಕೂಡಿಸಾಕ ಬೇಕಂತನ ಹಂಗಂದ್ರಿ ಹೌದಲ್ರಿ? ಭಾಳ ಶಾಣ್ಯಾ ಅದೀರಿ."

"ಹೌದವ್ವಾ" ಎಂದೆ.

ಹುಡುಗಿಯ ಸಂತೋಷ ಕೆಡಿಸಬಾರದೆಂದು ಹೇಳಿದ ಸುಳ್ಳು ಅದು. ಆ ಕಾರಿನಲ್ಲಿ ಇಂಜಿನ್ ಇಲ್ಲವೇ ಇಲ್ಲ. ಬೇಕಾದರೆ ಲೆಕ್ಕ ತೋರಿಸುತ್ತೇನೆ.