ಜರಿ ಸೆರಗಿನೊಳಗಿನ ಚೀಟಿ

ನನ್ನ ಅಕ್ಷರ ದುಂಡಗಿಲ್ಲ, ಓದಿದ್ದು ನಾಲ್ಕನೆಯ ತರಗತಿಯವರೆಗೆ. ಮಾತು ಒರಟಾಗಿದ್ದರೆ ಬೇಸರಿಸಬೇಡಿ.

ಮಲ್ಲೇಶ್ವರದ ಒಂದು ರೇಷ್ಮೆ ಸೀರೆ ಅಂಗಡಿಯ ದಾಸ್ತಾನು ಕೋಣೆಯಲ್ಲಿ ಸೀರೆಗಳ ಮಡಿಕೆ ಬದಲಿಸುವುದು ನನ್ನ ಕೆಲಸವಾಗಿತ್ತು. ಒಂದೇ ಮಡಿಕೆಯಲ್ಲಿ ಬಹಳ ದಿನ ಇಟ್ಟರೆ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಆ ವರ್ಷ ಪ್ರತಿ ಸೀರೆಗೂ ಒಂದು ಪುಟ್ಟ ಚೀಟಿ ಕಟ್ಟಿದರು. ಕೈಯಲ್ಲೊಂದು ಯಂತ್ರ ಹಿಡಿದು ಮರದ ಬೀರುವಿನ ಮುಂದೆ ನಡೆದರೆ ಸಾಕು, ಒಳಗಿನ ಚೀಟಿಗಳು ರೇಡಿಯೊ ಅಲೆಯ ಮೂಲಕ ತಾವಿರುವುದನ್ನು ತಿಳಿಸುತ್ತವಂತೆ. ನಮ್ಮಂಥವರ ಮೇಲೆ ಕಣ್ಣಿಡಲೆಂದೇ ಇದನ್ನು ತಂದಿದ್ದಾರೆಂದು ನನಗೆ ಅನುಮಾನವಿತ್ತು.

ಮೂರನೆಯ ದಿನವೇ ಮ್ಯಾನೇಜರು ಯಂತ್ರದೊಂದಿಗೆ ಬಂದು ನನ್ನೆದುರು ನಿಂತರು.

“ಹನ್ನೊಂದು ಮದುವೆ ಸೀರೆ ಕಾಣ್ತಿಲ್ಲಮ್ಮ. ಈ ಬೀರು ಮುಟ್ಟಿದ್ದು ನೀವೊಬ್ರೇ.”

“ಒಳಗೇ ಇರ್ಬೇಕು ಸಾರ್. ಬಾಗಿಲು ತೆಗೆದು ನೋಡಿದ್ರಾ?”

“ಮಿಷನ್ನೇ ಇಲ್ಲ ಅಂತಿದೆ, ಇನ್ನೇನು ನೋಡೋದು? ಬ್ಯಾಗ್ ತೋರ್ಸಿ.”

ತೋರಿಸಿದೆ. ಊಟದ ಡಬ್ಬಿ ತೆರೆಸಿ ಚಿತ್ರಾನ್ನದ ಕಡೆಗೂ ಯಂತ್ರ ಹಿಡಿದರು. ಕೆಲಸಕ್ಕಿಂತ ಹೆಚ್ಚಾಗಿ ಮಾನ ಹೋಗುತ್ತದೆಂದು ಹೆದರಿದೆ. ನಾನೇ ಬೀರು ತೆರೆದೆ. ಹನ್ನೊಂದೂ ಅಲ್ಲಿದ್ದವು. ಒಂದರ ಸೆರಗು ಬಿಡಿಸಿದೊಡನೆ ಯಂತ್ರ ಕೂಗಿತು.

“ಚೀಟಿ ಸೆರಗಿನೊಳಗೆ ಯಾಕೆ ಸೇರ್ಸಿದ್ರಿ?”

“ಹೊರಗಿದ್ರೆ ರೇಷ್ಮೆಗೆ ಉಜ್ಜುತ್ತೆ ಸಾರ್.”

“ಬೆಳ್ಳಿ ಜರಿ ಅಡ್ಡ ಬಂದ್ರೆ ಅಲೆ ದಾಟಲ್ಲಮ್ಮ,” ಎಂದು ಗೊಣಗಿದರು.

“ಹಾಗಾದ್ರೆ ಇದಕ್ಕೆ ಕಾಣೋದು ಜರಿಯಿಲ್ಲದ ಸೀರೆ ಮಾತ್ರಾನಾ ಸಾರ್?”

ಅಂದಿನಿಂದ ಸೀರೆ ಇಲ್ಲವೆಂದು ಯಂತ್ರ ಹೇಳಿದರೆ ಅವರು ಮೊದಲು ಬೀರು ತೆರೆಯುತ್ತಿದ್ದರು, ಆಮೇಲೆ ನನ್ನ ಬ್ಯಾಗು.

ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.